ಮನೆಯೊಳಗಿನ ಮನೆ

ಮನೆ ಬದಲಾಯಿಸಿದ ಅನುಭವ ನಿಮ್ಮಲ್ಲಿ ಬಹುಮಂದಿಗೆ ಇದ್ದೀತು. ಸಾಮಾನುಗಳೆಲ್ಲ ಗಾಡಿಯೇರಿ ಹೊಸ ಮನೆಯನ್ನು ಸೇರಿದ ಮೇಲೂ ಮೊದಲ ರಾತ್ರಿ ಉಪ್ಪಿನ ಭರಣಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ದೇವರ ದೀಪ ಸಿಕ್ಕರೆ ಬೆಂಕಿಪೆಟ್ಟಿಗೆ ಸಿಕ್ಕದು. ಏನೂ ಕಳೆದುಹೋಗಿರುವುದಿಲ್ಲ, ಆದರೆ ಯಾವುದೂ ಇದ್ದ ಜಾಗದಲ್ಲಿ ಇರುವುದಿಲ್ಲ. 2025ರ ನವೆಂಬರಿನಲ್ಲಿ ನನ್ನ ಗಣಕಯಂತ್ರಕ್ಕೆ ಇಂಥದೊಂದು ಮನೆ ಬದಲಾವಣೆಯನ್ನು ಮಾಡಿಸಿ ನಾನು ಪಟ್ಟ ಪಾಡನ್ನು ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಪಾಡು ನನ್ನದಾದರೂ ಅದರಿಂದ ದೊರೆತ ಬುದ್ಧಿ ಹತ್ತು ಜನರಿಗೆ ಉಪಯೋಗವಾದೀತೆಂಬ ಆಸೆ ನನಗಿದೆ.

ನಾನು ಭೌತಶಾಸ್ತ್ರದ ನಿವೃತ್ತ ಅಧ್ಯಾಪಕ. ನನ್ನ ಅಕ್ಕನ ಮನೆ ಸಾಗರದ ಕಡೆಯ ಒಂದು ಹಳ್ಳಿಯಲ್ಲಿದೆ. ನನ್ನ ಭಾವನವರು ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಜೊತೆಗೆ ಒಂದಿಷ್ಟು ಅಡಿಕೆ ತೋಟವನ್ನೂ ನೋಡಿಕೊಳ್ಳುತ್ತಿದ್ದರು. ತೋಟದ ಕೆಲಸಕ್ಕೆ ಸಂಬಂಧಿಸಿದ ಮಾತುಗಳನ್ನು ಕೂಡಿಹಾಕುವುದು ಅವರಿಗೊಂದು ಹುಚ್ಚು. ದೋಟಿ, ಕೊಟ್ಟೆ, ಚೊಗರು, ಮೆಟ್ಟುಗತ್ತಿ, ಗೊರಬಲು ಹೀಗೆ ಒಂದೊಂದು ಪದವನ್ನೂ ಅದನ್ನು ಆಡುವವರ ಬಾಯಿಂದಲೇ ಕೇಳಿ, ಅರ್ಥ ಬರೆದು, ಬಳಕೆಯ ಒಂದು ವಾಕ್ಯವನ್ನೂ ಸೇರಿಸುತ್ತಿದ್ದರು. ನಿವೃತ್ತರಾದ ಮೇಲೆ ಒಂದು ಗಣಕಯಂತ್ರವನ್ನು ಕೊಂಡು, ಅಂದಿನ ಒಂದು ಕನ್ನಡ ಬರೆಹದ ತಂತ್ರಾಂಶದಲ್ಲಿ 2002ರಿಂದ 2009ರವರೆಗೆ ಏಳು ವರ್ಷ ಕುಳಿತು, ಆ ಎಲ್ಲ ಪದಗಳನ್ನೂ ತಾವೇ ಬೆರಳಚ್ಚಿಸಿದರು. ಗ್ರಂಥ ಅಚ್ಚಾಗಲಿಲ್ಲ. 2011ರಲ್ಲಿ ಭಾವನವರು ತೀರಿಕೊಂಡರು.

ಆ ತಂತ್ರಾಂಶವನ್ನು ತಯಾರಿಸಿದವರು ಅದನ್ನು ಮುಂದುವರಿಸಲಿಲ್ಲ. ಅದು ಓಡುತ್ತಿದ್ದುದು ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೇಲೆ. 2001ರಲ್ಲಿ ಬಂದ ಆ ವ್ಯವಸ್ಥೆಗೆ 2014ರ ಏಪ್ರಿಲ್ 8ರಂದು ಅದರ ತಯಾರಕರ ಬೆಂಬಲ ನಿಂತಿತು. ಹಳೆಯ ಯಂತ್ರವೂ ಆಗಲೇ ಮುಪ್ಪಾಗಿತ್ತು. ಪುಣೆಯಲ್ಲಿರುವ ನನ್ನ ಸೋದರಳಿಯ ಒಂದು ರಜೆಯಲ್ಲಿ ಬಂದು, ತಂದೆಯ ಯಂತ್ರದಲ್ಲಿದ್ದುದನ್ನೆಲ್ಲ ಇದ್ದಂತೆಯೇ ಎತ್ತಿ ಒಂದು ‘ವರ್ಚುವಲ್ ಮೆಷಿನ್’ ಮಾಡಿ ನನ್ನ ಯಂತ್ರದೊಳಗೆ ಇರಿಸಿಹೋದ. ನಾವು ಇದನ್ನು ಕಲ್ಪಿತ ಯಂತ್ರ ಎನ್ನೋಣ.

ಕಲ್ಪಿತ ಯಂತ್ರವೆಂದರೇನು? ಮನೆಯೊಳಗಿನ ಮನೆ. ನಿಜವಾದ ಗಣಕಯಂತ್ರ ಆತಿಥೇಯ. ಅದರೊಳಗೆ ಒಂದು ತಂತ್ರಾಂಶ ಕಟ್ಟಿಕೊಟ್ಟ ಯಂತ್ರ ಅತಿಥಿ. ತನಗೂ ಒಂದು ಮಿದುಳು, ನೆನಪು, ತಟ್ಟೆ, ತೆರೆ ಎಲ್ಲವೂ ಇವೆಯೆಂದು ಅತಿಥಿ ನಂಬಿರುತ್ತದೆ. ವಾಸ್ತವವಾಗಿ ಅದರ ತಟ್ಟೆಯೆಂಬುದು ಆತಿಥೇಯನ ತಟ್ಟೆಯ ಮೇಲಿನ ಒಂದು ದೊಡ್ಡ ಕಡತ, ಅಷ್ಟೆ. ಈ ಯುಕ್ತಿ ಹೊಸದೇನೂ ಅಲ್ಲ. ಐಬಿಎಂ ಸಂಸ್ಥೆಯ ಕೇಂಬ್ರಿಜ್ ಕೇಂದ್ರದವರು 1960ರ ದಶಕದಲ್ಲಿಯೇ ಒಂದು ದೊಡ್ಡ ಯಂತ್ರವನ್ನು ಹಲವರಿಗೆ ಹಲವು ಯಂತ್ರಗಳಂತೆ ಕಾಣಿಸುವ ವ್ಯವಸ್ಥೆಯನ್ನು ರಚಿಸಿದ್ದರು; 1972ರಲ್ಲಿ ಅದು ಮಾರುಕಟ್ಟೆಗೂ ಬಂದಿತು. ಇಂಥ ವ್ಯವಸ್ಥೆಗೆ ಯಂತ್ರ ಹೇಗಿರಬೇಕೆಂಬ ಲಕ್ಷಣವನ್ನು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು 1974ರಲ್ಲಿ ಶಾಸ್ತ್ರೋಕ್ತವಾಗಿ ನಿರೂಪಿಸಿದರು. ಮೇಜಿನ ಮೇಲಿನ ನಮ್ಮ ಸಣ್ಣ ಯಂತ್ರಗಳಿಗೆ ಈ ಭಾಗ್ಯ ಬಂದದ್ದು 1999ರ ಸುಮಾರಿಗೆ. 2005ರಿಂದ ಇಂಟೆಲ್ ಸಂಸ್ಥೆ, ಅದರ ಮರುವರ್ಷದಿಂದ ಎಎಂಡಿ ಸಂಸ್ಥೆ, ಅತಿಥಿಗೆ ನೆರವಾಗುವ ವಿಶೇಷ ಸೌಕರ್ಯವನ್ನು ತಮ್ಮ ಸಂಸ್ಕಾರಕಗಳೊಳಗೇ ಕೂಡಿಸತೊಡಗಿದುವು. ಈ ಸೌಕರ್ಯದ ವಿಷಯ ಮುಂದೆ ಬರುವುದರಿಂದ ಇಲ್ಲಿಯೇ ಹೇಳಿರುತ್ತೇನೆ.

ಕೆಲವು ವರ್ಷ ಎಲ್ಲವೂ ಸುಗಮವಾಗಿತ್ತು. ಬಿಡುವಾದಾಗ ನಾನು ಕಲ್ಪಿತ ಯಂತ್ರವನ್ನು ತೆರೆಯುವುದು, ಅಕ್ಕ ದೂರವಾಣಿಯಲ್ಲಿ ಹೇಳಿದ ಪದಗಳನ್ನು ಭಾವನವರ ಕೋಶಕ್ಕೆ ಸೇರಿಸುವುದು ನಡೆದಿತ್ತು. ಅಕ್ಕನಿಗೆ ಈಗ ಎಪ್ಪತ್ತೊಂಬತ್ತು. “ತಮ್ಮಾ, ಅವರ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬೇಕಲ್ಲೋ” ಎಂದು ಪ್ರತಿ ಸಲವೂ ಹೇಳುತ್ತಿದ್ದಳು. “ಆಗಲಿ ಅಕ್ಕಾ, ಬರುವ ವರ್ಷ” ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ.

ಅಷ್ಟರಲ್ಲಿ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅದರ ಮುಂದಿನ ಆವೃತ್ತಿ ಕೇಳುವ ಭದ್ರತೆಯ ಬಿಲ್ಲೆ ನನ್ನ ಯಂತ್ರದಲ್ಲಿರಲಿಲ್ಲ. ಸುಸ್ಥಿತಿಯಲ್ಲಿರುವ ಯಂತ್ರವನ್ನು ಎಸೆಯಲು ಮನಸ್ಸೊಪ್ಪಲಿಲ್ಲ. “ಮಾವ, ಲಿನಕ್ಸ್ ಹಾಕಿಕೊಳ್ಳಿ, ಹಳೆಯ ಯಂತ್ರದಲ್ಲೂ ಚೆನ್ನಾಗಿ ನಡೆಯುತ್ತದೆ. ಆದರೆ ಮೊದಲು ಅಪ್ಪನ ಯಂತ್ರದ ಪ್ರತಿ ತೆಗೆದಿಡಿ” ಎಂದು ಅಳಿಯ ತಿಳಿಸಿದ. ನಾನು ಭಾವನವರ ಯಂತ್ರದ ತಟ್ಟೆಯ ಕಡತವನ್ನೂ ಅದರ ವಿವರಗಳ ಕಡತವನ್ನೂ ಹೊರಗಿನ ಎರಡು ತಟ್ಟೆಗಳಿಗೆ ನಕಲು ಮಾಡಿದೆ. ಒಂದಲ್ಲ, ಎರಡು! ಆಮೇಲೆ ಧೈರ್ಯದಿಂದ ಹಳೆಯ ವ್ಯವಸ್ಥೆಯನ್ನು ಅಳಿಸಿ ಹೊಸದನ್ನು ಪ್ರತಿಷ್ಠಾಪಿಸಿದೆ. ಕಲ್ಪಿತ ಯಂತ್ರದ ತಂತ್ರಾಂಶದ ಲಿನಕ್ಸ್ ರೂಪವನ್ನು ಹಾಕಿ, ಭಾವನವರ ಯಂತ್ರವನ್ನು ಪರಿಚಯಿಸಿ, ‘ಪ್ರಾರಂಭಿಸು’ ಎಂಬ ಗುಂಡಿಯನ್ನು ಒತ್ತಿದೆ. ಒಂದು ಎಚ್ಚರಿಕೆಯ ಚೌಕ ಬಂದಿತು. ಯಂತ್ರ ಏಳಲಿಲ್ಲ.

ಮೊದಲ ತೊಡಕು ಇದು. ಅತಿಥಿಯನ್ನು ನಡೆಸುವ ತಂತ್ರಾಂಶಕ್ಕೆ ಆತಿಥೇಯ ವ್ಯವಸ್ಥೆಯ ತಿರುಳಿನೊಳಗೆ, ಎಂದರೆ ‘ಕರ್ನಲ್’ನೊಳಗೆ, ತನ್ನದೊಂದು ಸಣ್ಣ ತುಂಡು ಕುಳಿತಿರಬೇಕು. ಈ ತುಂಡು ಆ ತಿರುಳಿನ ಆವೃತ್ತಿಗೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಸರಿಹೊಂದಬೇಕು. ತಿರುಳು ಬದಲಾದೊಡನೆ ಅಂಗಿಯನ್ನೂ ಮತ್ತೆ ಹೊಲಿಯಬೇಕು. ಹೊಲಿಯಲು ಅಳತೆಪಟ್ಟಿಯಾಗಿ ಆ ತಿರುಳಿನದೇ ಶಿರೋಕಡತಗಳು ಬೇಕು. ನನ್ನಲ್ಲಿ ಅವು ಇರಲಿಲ್ಲ. ಅವನ್ನು ತರಿಸಿ, ತುಂಡನ್ನು ಹೊಸದಾಗಿ ಕಟ್ಟಿಸಿದ್ದಾಯಿತು.

ಆದರೂ ಯಂತ್ರ ಏಳಲಿಲ್ಲ. ಹೊಸ ಮನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದ. ‘ಸೆಕ್ಯೂರ್ ಬೂಟ್’ ಎಂಬ ಈ ವ್ಯವಸ್ಥೆ ಜಾರಿಯಲ್ಲಿದ್ದಾಗ, ಗುರುತಿನ ಸಹಿಯಿಲ್ಲದ ಯಾವ ತುಂಡನ್ನೂ ತಿರುಳು ಒಳಗೆ ಬಿಡುವುದಿಲ್ಲ. ನನ್ನ ಯಂತ್ರದಲ್ಲಿಯೇ ಕಟ್ಟಿದ ತುಂಡಿಗೆ ಯಾರ ಸಹಿ ಇದ್ದೀತು? ಕಾವಲುಗಾರನನ್ನೇ ತೆಗೆದುಹಾಕುವುದು ಒಂದು ದಾರಿ. ಅದು ನನಗೆ ಸರಿಕಾಣಲಿಲ್ಲ. ಎರಡನೆಯ ದಾರಿ, ನಮ್ಮದೇ ಒಂದು ಸಹಿಯ ಕೀಲಿಯನ್ನು ಸೃಷ್ಟಿಸಿ, ಯಂತ್ರವನ್ನು ಮರಳಿ ಹೊತ್ತಿಸುವಾಗ ಬರುವ ನೀಲಿ ತೆರೆಯಲ್ಲಿ ಅದನ್ನು ನೋಂದಾಯಿಸಿ, ಆ ಕೀಲಿಯಿಂದ ತುಂಡಿಗೆ ಸಹಿ ಮಾಡುವುದು. ಒಂದು ಸಂಜೆ ಅದಕ್ಕೆ ಹೋಯಿತು. ಕಾವಲುಗಾರ ಒಪ್ಪಿದ.

ಮತ್ತೆ ಗುಂಡಿಯನ್ನೊತ್ತಿದೆ. ಮತ್ತೆ ಚೌಕ, ಈ ಸಲ ಬೇರೆಯ ಮಾತು. ಈಗ ನನಗೆ ಭಯವಾಯಿತು. ನಕಲು ಮಾಡುವಾಗ ಭಾವನವರ ತಟ್ಟೆಯೇ ಕೆಟ್ಟಿತೋ ಏನೋ ಎನಿಸಿತು. ಆ ಕಡತವನ್ನು ರಿಪೇರಿ ಮಾಡುತ್ತೇನೆನ್ನುವ ಸಲಕರಣೆಯೊಂದು ಕಣ್ಣಿಗೆ ಬಿದ್ದಿತ್ತು. ಅದನ್ನು ಓಡಿಸುವುದರಲ್ಲಿದ್ದೆ. ಅಳಿಯನಿಗೆ ದೂರವಾಣಿ ಮಾಡಿದ್ದು ಪುಣ್ಯ. ಅವನು ಹೇಳಿದ ಮಾತು ಇದು: “ಮಾವ, ರೋಗ ಯಾರಿಗೆಂದು ತಿಳಿಯದೆ ಔಷಧ ಕೊಡಬೇಡಿ. ಏನೂ ಇಲ್ಲದ ಹೊಸದೊಂದು ಕಲ್ಪಿತ ಯಂತ್ರವನ್ನು ಮಾಡಿ, ಅದು ಏಳುತ್ತದೆಯೇ ನೋಡಿ.”

ನಲವತ್ತು ವರ್ಷ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಇದನ್ನೇ ಬೋಧಿಸಿದವನು ನಾನು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಉಳಿದದ್ದು ಇದ್ದಂತೆ ಇರಲಿ. ನನ್ನದೇ ಮನೆಯ ಸಂಕಟದಲ್ಲಿ ಪಾಠ ಮರೆತಿತ್ತು. ಬರಿದಾದ ಹೊಸ ಯಂತ್ರವನ್ನು ಮಾಡಿದೆ, ಗುಂಡಿಯೊತ್ತಿದೆ. ಅದಕ್ಕೂ ಅದೇ ಚೌಕ, ಅದೇ ಮಾತು! ನನಗಾದ ಸಮಾಧಾನವನ್ನು ಹೇಗೆ ಹೇಳಲಿ? ದೋಷ ಭಾವನವರ ತಟ್ಟೆಯದಲ್ಲ, ಅತಿಥಿ ನಿರಪರಾಧಿ, ತಪ್ಪು ಆತಿಥೇಯನ ಮನೆಯಲ್ಲಿಯೇ ಇದೆ.

ಅಲ್ಲಿಂದ ಮುಂದೆ ಊಹೆಯನ್ನು ಬಿಟ್ಟು ದಿನಚರಿಯ ಕಡತವನ್ನು ಓದತೊಡಗಿದೆ. ಇಂಥ ತಂತ್ರಾಂಶಗಳು ತಾವು ಮಾಡಿದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಡುತ್ತವೆ. ಅದರಲ್ಲಿ ಕೊನೆಯ ದೂರನ್ನಲ್ಲ, ಮೊದಲನೆಯ ದೂರನ್ನು ಹುಡುಕಬೇಕು. ಉಳಿದವು ಅದರ ಮಕ್ಕಳು, ಮೊಮ್ಮಕ್ಕಳು. ಸಂಸ್ಕಾರಕದ ಆ ವಿಶೇಷ ಸೌಕರ್ಯವನ್ನು ಆಗಲೇ ಬೇರೊಬ್ಬರು ಹಿಡಿದುಕೊಂಡಿದ್ದಾರೆಂದು ಮೊದಲ ದೂರು ಹೇಳುತ್ತಿತ್ತು. ನಮ್ಮ ಹಳೆಯ ಮನೆಗಳಲ್ಲಿ ಬೆಳಗಿನ ಹೊತ್ತು ಒಂದೇ ಬಚ್ಚಲಿಗೆ ಆಗುತ್ತಿದ್ದ ಜಗಳ ನಿಮಗೆ ನೆನಪಿರಬಹುದು. ಇಲ್ಲಿಯೂ ಅದೇ. ಲಿನಕ್ಸಿನ ತಿರುಳಿನೊಳಗೆ ಕೆವಿಎಂ ಎಂಬ, ಅತಿಥಿಗಳನ್ನು ಸಾಕುವ ತನ್ನದೇ ಏರ್ಪಾಡು 2007ರಿಂದಲೂ ಇದೆ. ಮೊದಲು ಅದು ತನಗೆ ಅತಿಥಿ ಬಂದಾಗ ಮಾತ್ರ ಬಚ್ಚಲಿನ ಕದವಿಕ್ಕಿಕೊಳ್ಳುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 6.12ನೆಯ ಆವೃತ್ತಿಯಿಂದ, ಅತಿಥಿ ಇರಲಿ ಬಿಡಲಿ, ತಾನು ಎದ್ದೊಡನೆಯೇ ಕದವಿಕ್ಕಿಕೊಳ್ಳುವುದು ಅದರ ರೂಢಿಯಾಯಿತು. ತನ್ನ ಅತಿಥಿಗಳು ಬೇಗ ಏಳಲೆಂಬುದು ಅದರ ಉದ್ದೇಶ, ತಪ್ಪೆನ್ನಲಾಗದು. ಆದರೆ ನನ್ನ ತಂತ್ರಾಂಶ ಹೊರಗೆ ಚೊಂಬು ಹಿಡಿದು ನಿಂತಿತ್ತು! ಆ ಏರ್ಪಾಡಿನ ತುಂಡನ್ನು ಹೊರಕ್ಕೆ ಕಳಿಸುವ ಒಂದು ಆಜ್ಞೆಯನ್ನು ಕೊಟ್ಟೊಡನೆ ಬರಿದಾದ ಹೊಸ ಯಂತ್ರ ಎದ್ದು ನಿಂತಿತು. ಮರಳಿ ಹೊತ್ತಿಸಿದಾಗಲೂ ಹಾಗೆಯೇ ಇರುವಂತೆ, ತಿರುಳು ಏಳುವ ಹೊತ್ತಿನ ಸೂಚನೆಗಳಲ್ಲಿ ಒಂದನ್ನು ಸೇರಿಸಿದೆ.

ಇನ್ನೇನು, ಭಾವನವರ ಯಂತ್ರವನ್ನು ಏಳಿಸುವುದು. ಗುಂಡಿಯೊತ್ತಿದೆ. ನಾಲ್ಕನೆಯ ಚೌಕ ಬಂದಿತು. ಬರಿದಾದ ಯಂತ್ರ ಏಳುತ್ತದೆ, ಇದು ಏಳುವುದಿಲ್ಲ. ಎಂದರೆ ಈಗ ದೋಷ ಅತಿಥಿಯ ಕಡೆಯದೇ. ಇದು ನನ್ನ ಸ್ವಂತ ತಪ್ಪಿನ ಕಥೆಯಾದ್ದರಿಂದ ಸಂಕೋಚದಿಂದಲೇ ಹೇಳುತ್ತೇನೆ.

ಕಲ್ಪಿತ ಯಂತ್ರವನ್ನು ನಿಲ್ಲಿಸಲು ಎರಡು ಕ್ರಮಗಳಿವೆ. ಒಂದು, ಅದನ್ನು ಪೂರ್ತಿಯಾಗಿ ಆರಿಸುವುದು. ಇನ್ನೊಂದು, ನಿದ್ದೆಗೆ ಹಾಕುವುದು. ತೆರೆದ ಪುಟ ತೆರೆದಂತೆಯೇ ಇದ್ದು, ಮರುದಿನ ಬಿಟ್ಟಲ್ಲಿಂದ ಮುಂದುವರಿಯಬಹುದು. ಸೋಮಾರಿಯಾದ ನನಗೆ ಎರಡನೆಯದೇ ಅಭ್ಯಾಸವಾಗಿತ್ತು. ನಿದ್ದೆಗೆ ಹೋಗುವಾಗ ಯಂತ್ರ ತನ್ನ ಆ ಗಳಿಗೆಯ ನೆನಪನ್ನೆಲ್ಲ ಒಂದು ಬೇರೆಯ ಕಡತವಾಗಿ ಬರೆದಿಡುತ್ತದೆ. ನನ್ನ ತಂತ್ರಾಂಶದಲ್ಲಿ ಆ ಕಡತವಿರುತ್ತಿದ್ದುದು ‘ಸ್ನ್ಯಾಪ್‌ಶಾಟ್ಸ್’ ಎಂಬ ಒಳಕೋಣೆಯಲ್ಲಿ. ಹೆಸರನ್ನು ನೋಡಿ, ತೆರೆಯ ಚಿತ್ರಗಳಿರಬೇಕು, ನಮಗೇಕೆ ಎಂದುಕೊಂಡು ನಾನು ಅದನ್ನು ನಕಲು ಮಾಡಿರಲಿಲ್ಲ. ಎರಡು ಪ್ರತಿ ತೆಗೆದೆನೆಂದು ಬೀಗಿದೆನಲ್ಲ, ಆ ಎರಡರಲ್ಲಿಯೂ ಅದಿಲ್ಲ. ಮೂಲವನ್ನು ಅಳಿಸಿಯಾಗಿತ್ತು. ನಿದ್ದೆಯಿಂದ ಏಳಲು ಹೊರಟ ಯಂತ್ರ ತನ್ನ ನೆನಪನ್ನು ಹುಡುಕಿ, ಕಾಣದೆ ನಿಂತುಬಿಟ್ಟಿತ್ತು.

ಪರಿಹಾರವೇನೋ ಸುಲಭ. ನಿದ್ದೆಯ ಸ್ಥಿತಿಯನ್ನು ತ್ಯಜಿಸು ಎಂದು ಹೇಳಿದರಾಯಿತು. ಉರಿಯುತ್ತಿದ್ದ ಯಂತ್ರದ ತಂತಿಯನ್ನು ಕಿತ್ತಂತೆ ಆಗುತ್ತದೆ. ತಟ್ಟೆಯ ಮೇಲೆ ಬರೆದದ್ದು ಉಳಿಯುತ್ತದೆ. ನೆನಪಿನಲ್ಲಿ ಮಾತ್ರ ಇದ್ದದ್ದು ಹೋಗುತ್ತದೆ. ನೆನಪಿನಲ್ಲಿ ಏನಿತ್ತು? ಕೊನೆಯ ಸಂಜೆ ಅಕ್ಕ ದೂರವಾಣಿಯಲ್ಲಿ ಒಂದೇ ಸಮನೆ ಹೇಳಿ ಬರೆಸಿದ ಇಪ್ಪತ್ತಮೂರು ಪದಗಳಿದ್ದುವು. ಅವನ್ನು ಬೆರಳಚ್ಚಿಸಿದ್ದೆ. ತಟ್ಟೆಗೆ ಇಳಿಸಿರಲಿಲ್ಲ. ಹೇಗೂ ನಿದ್ದೆಗೆ ಹಾಕುತ್ತೇನಲ್ಲ ಎಂದು ಬಿಟ್ಟಿದ್ದೆ.

ಎರಡು ದಿನ ಏನನ್ನೂ ಮುಟ್ಟಲಿಲ್ಲ. ಆಮೇಲೆ, ಇದ್ದ ಪ್ರತಿಯಿಂದ ಮತ್ತೊಂದು ಪ್ರತಿ ಮಾಡಿ, ಆ ಪ್ರತಿಯ ಮೇಲೆಯೇ ನಿದ್ದೆಯ ಸ್ಥಿತಿಯನ್ನು ತ್ಯಜಿಸಿದೆ. ಯಂತ್ರ ಎದ್ದಿತು. ತನ್ನ ತಟ್ಟೆಯನ್ನು ತಾನೇ ಒಮ್ಮೆ ಪರೀಕ್ಷಿಸಿಕೊಂಡಿತು. ಹಸಿರು ಗುಡ್ಡದ, ನೀಲಿ ಆಕಾಶದ ಆ ಹಳೆಯ ಚಿತ್ರ ತೆರೆಯ ಮೇಲೆ ಮೂಡಿತು. ಭಾವನವರ ಕೋಶ ತೆರೆಯಿತು. ಅವರು ಬರೆದದ್ದರಲ್ಲಿ ಒಂದಕ್ಷರವೂ ಹೋಗಿರಲಿಲ್ಲ. ಇಪ್ಪತ್ತಮೂರು ಪದಗಳು ಮಾತ್ರ ಇರಲಿಲ್ಲ.

ಅಂದೇ ನಿಶ್ಚಯಿಸಿದೆ: ಈ ಮನೆಯೊಳಗಿನ ಮನೆಯನ್ನು ಇನ್ನು ನಂಬಿ ಕೂರಲಾಗದು, ಒಳಗಿರುವುದನ್ನು ಹೊರಕ್ಕೆ ತರಬೇಕು. ತರುವುದಕ್ಕೂ ವಿಘ್ನಗಳು. ಪೆನ್‌ಡ್ರೈವನ್ನು ಚುಚ್ಚಿದರೆ ಅತಿಥಿಗೆ ಅದು ಕಾಣಲಿಲ್ಲ. ಲಿನಕ್ಸಿನಲ್ಲಿ ಅದಕ್ಕೆಂದೇ ಇರುವ ಒಂದು ಬಳಗಕ್ಕೆ ನನ್ನ ಹೆಸರನ್ನು ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಪ್ರವೇಶಿಸಿದ ಮೇಲೆ ಕಂಡಿತು. ಕಡತ ಹೊರಗೆ ಬಂದಿತು. ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗೋಜಲು. ಇದಕ್ಕೆ ಕಾರಣವಿದೆ. ಅಂದಿನ ತಂತ್ರಾಂಶ ಕನ್ನಡದ ಅಕ್ಷರಗಳನ್ನು ತುಂಡು ತುಂಡಾಗಿ ಇಂಗ್ಲಿಷಿನ ಸ್ಥಾನಗಳಲ್ಲಿ ಕೂರಿಸಿತ್ತು. ಅದರದೇ ಅಚ್ಚುಮೊಳೆ ಇದ್ದರೆ ಮಾತ್ರ ಅದು ಕನ್ನಡ. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತದಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದ್ದರೂ, ಅದು ಬಳಕೆಗೆ ಬರುವ ಮುಂಚೆ ನಮ್ಮವರು ಬರೆದ ಎಷ್ಟೋ ಬರೆಹ ಹೀಗೆಯೇ ಬೀಗದೊಳಗಿದೆ.

ಪರಿವರ್ತನೆಗೆ ಒಂದು ಕೋಷ್ಟಕವನ್ನು ಅಳಿಯನೂ ನಾನೂ ಸೇರಿ ರಚಿಸಿದೆವು. ಅದಕ್ಕೂ ಮೊದಲು, ಅತಿಥಿ ಯಂತ್ರದೊಳಗಿಂದಲೇ ಇಡೀ ಕೋಶವನ್ನು ಕಾಗದಕ್ಕೆ ಮುದ್ರಿಸಿ ತೆಗೆದೆ. ಅದೇ ನಮಗೆ ಪ್ರಮಾಣ. ಪರಿವರ್ತಿತ ಪ್ರತಿಯ ಮೊದಲ ಹಾಳೆಗಳನ್ನು ಹಳ್ಳಿಗೆ ಒಯ್ದು ಅಕ್ಕನ ಕೈಗಿತ್ತೆ. ಭೂತಗನ್ನಡಿ ಹಿಡಿದು ಓದುತ್ತ ಹೋದವಳು ಒಂದೆಡೆ ನಿಂತಳು.

“ಇದೇನೋ ತಮ್ಮಾ, ‘ಆದ್ರೆ ಮಳೆ’ ಅಂತ ಇದೆ? ಆದ್ರೆ, ಮಳೆ ಏನಾಯಿತು? ಬರಲಿಲ್ಲವೋ?”

ಮೂಲದಲ್ಲಿದ್ದುದು ‘ಆರ್ದ್ರೆ ಮಳೆ’. ನಾವು ಬರೆಯುವಾಗ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಉಚ್ಚರಿಸುವಾಗ ಮೊದಲು ಬರುತ್ತದೆ. ಹಳೆಯ ತಂತ್ರಾಂಶ ಕಣ್ಣಿಗೆ ಕಂಡ ಕ್ರಮದಲ್ಲಿ ಇರಿಸಿದರೆ, ಯೂನಿಕೋಡ್ ನಾಲಗೆಯ ಕ್ರಮದಲ್ಲಿ ಇರಿಸುತ್ತದೆ. ಒತ್ತಕ್ಷರವೂ ಕೂಡಿದಲ್ಲಿ ನಮ್ಮ ಕೋಷ್ಟಕ ತಬ್ಬಿಬ್ಬಾಗಿ ಅರ್ಕಾವೊತ್ತನ್ನು ಬೀಳಿಸಿಬಿಟ್ಟಿತ್ತು. ಅಂದು ಅಕ್ಕ ಮನಸಾರೆ ನಕ್ಕಳು. ಕೋಷ್ಟಕವನ್ನು ತಿದ್ದಿದೆವು; ಅಂಥ ಪದಗಳನ್ನೆಲ್ಲ ಕಾಗದದ ಪ್ರತಿಯೊಡನೆ ಒಂದೊಂದಾಗಿ ತಾಳೆ ನೋಡಿದೆವು.

ನಗು ಮುಗಿದ ಮೇಲೆ ಇಪ್ಪತ್ತಮೂರು ಪದಗಳ ವಿಷಯವನ್ನು ಹೇಳಿದೆ. ಅಕ್ಕ ಬಯ್ಯಲಿಲ್ಲ. “ಅವತ್ತು ಏನು ಹೇಳಿದ್ದೆನೋ, ಯಾರಿಗೆ ನೆನಪು? ಬರೆದುಕೋ, ಬಂದಷ್ಟು ಹೇಳುತ್ತೇನೆ” ಎಂದಳು. ಹತ್ತೊಂಬತ್ತು ಹೇಳಿದಳು. ಅವುಗಳಲ್ಲಿ ಎಷ್ಟು ಅಂದಿನವು, ಎಷ್ಟು ಹೊಸವು ಎಂಬುದು ಅವಳಿಗೂ ತಿಳಿಯದು, ನನಗೂ ತಿಳಿಯದು. ಒಂದು ಮಾತ್ರ ಬರಲಿಲ್ಲವೆಂದು ನಾನು ಬಲ್ಲೆ. ಅಡಿಕೆ ಸುಲಿಯುವ ರಾತ್ರಿ ಎಲ್ಲರೂ ಏಳುವ ಹೊತ್ತಿಗೆ ಬುಟ್ಟಿಯ ತಳದಲ್ಲಿ ನಾಲ್ಕಾರು ಅಡಿಕೆ ಉಳಿದಿರುತ್ತವೆ; ಅವನ್ನು ಸುಲಿಯದೆ ಮರುದಿನಕ್ಕೆಂದು ಬಿಡುತ್ತಾರೆ. ಅದಕ್ಕೊಂದು ಹೆಸರನ್ನು ಅಕ್ಕ ಹೇಳಿದ್ದಳು. ಅರ್ಥ ನನ್ನ ನೆನಪಿನಲ್ಲಿದೆ, ಪದ ಹೋಯಿತು. ಪದವಿಲ್ಲದ ಅರ್ಥಕ್ಕೆ ಅಕಾರಾದಿಯಲ್ಲಿ ಜಾಗವೆಲ್ಲಿ? ಕೋಶದ ಕೊನೆಯ ಪುಟದಲ್ಲಿ ಅದನ್ನು ಒಂಟಿಯಾಗಿ ಬರೆದಿಟ್ಟಿದ್ದೇನೆ.

ಶ್ರೋತೃಗಳೇ, ಗಣಕಯಂತ್ರದ ವ್ಯವಸ್ಥೆಯನ್ನು ಬದಲಾಯಿಸುವ ಸಂದರ್ಭ ನಿಮಗೂ ಬಂದೀತು. ನಿಮ್ಮಲ್ಲಿ ಕಲ್ಪಿತ ಯಂತ್ರವಿದ್ದರೆ ಅದನ್ನು ನಿದ್ದೆಗೆ ಹಾಕದೆ ಪೂರ್ತಿ ಆರಿಸಿರಿ. ಅದರ ಕೋಣೆಯನ್ನು ಒಳಕೋಣೆಗಳ ಸಹಿತ ಇಡಿಯಾಗಿ ನಕಲು ಮಾಡಿರಿ. ಇದು ಬೇಡ, ಅದು ಬೇಡ ಎಂದು ಆರಿಸಹೋಗಬೇಡಿ. ನಕಲನ್ನು ಮತ್ತೊಂದು ಯಂತ್ರದಲ್ಲಿ ಏಳಿಸಿ ನೋಡಿ, ಆಮೇಲೆ ಮೂಲವನ್ನು ಅಳಿಸಿರಿ. ತೊಡಕು ಬಂದರೆ, ಬರಿದಾದ ಯಂತ್ರವೊಂದನ್ನು ಎಬ್ಬಿಸಿ, ದೋಷ ಅತಿಥಿಯದೋ ಆತಿಥೇಯನದೋ ಎಂಬುದನ್ನು ಮೊದಲು ನಿರ್ಣಯಿಸಿರಿ. ಎಲ್ಲಕ್ಕೂ ಮಿಗಿಲಾಗಿ, ನಿಮ್ಮ ಹಿರಿಯರ ಬರೆಹ ಅಂಥ ಯಂತ್ರದೊಳಗಿದ್ದರೆ ‘ಬರುವ ವರ್ಷ’ ಎನ್ನದೆ ಈಗಲೇ ಹೊರಗೆ ತೆಗೆಯಿರಿ.

ಕೊನೆಯದಾಗಿ ಒಂದು ಬಿನ್ನಹ. ಈ ಭಾಷಣವನ್ನು ಕೇಳುತ್ತಿರುವ ಮಲೆನಾಡಿನ ಹಿರಿಯರಲ್ಲಿ ಯಾರಾದರೂ ಇದ್ದರೆ, ಬುಟ್ಟಿಯ ತಳದಲ್ಲಿ ಉಳಿದ ಆ ನಾಲ್ಕಾರು ಅಡಿಕೆಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರೆಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಬಾನುಲಿ ನಿಲಯಕ್ಕೆ ಕಳಿಸುವ ಕೃಪೆ ಮಾಡಬೇಕು. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ.